ಹೂಬಳ್ಳಿಗೆ ಚಪ್ಪರ, ಕತ್ತರಿ ಮತ್ತು ಸ್ವಲ್ಪ ಬಾಯಾರಿಕೆ

ಮಂಗಳೂರು, ಉಡುಪಿ ಕಡೆ ಬಳ್ಳಿ ಹಬ್ಬಿಸಲು ಯಾರೂ ಕಷ್ಟಪಡಬೇಕಾಗಿಲ್ಲ. ವರ್ಷಕ್ಕೆ 3,500 ಮಿ.ಮೀ. ಮೀರುವ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚಳಿಯ ಕಾಟವಿಲ್ಲ. ನರ್ಸರಿಯಿಂದ ತಂದ ಒಂದಡಿಯ ಗಿಡ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಂಚಿನ ಮಾಡು ಹತ್ತಿರುತ್ತದೆ. ಕಷ್ಟ ಶುರುವಾಗುವುದು ಅಲ್ಲಿಂದ. ಎಲೆ ಕಂಪೌಂಡ್ ತುಂಬ ಇದೆ, ಹೂ ಮಾತ್ರ ತುದಿಯಲ್ಲಿ ಎಲ್ಲೋ ನಾಲ್ಕು, ಅದೂ ಪಕ್ಕದ ಮನೆಯವರಿಗೆ ಕಾಣುವ ಹಾಗೆ. ಇಲ್ಲವೇ ಜುಲೈಯ ಒಂದು ರಾತ್ರಿ ಗಾಳಿಗೆ ಚಪ್ಪರವೇ ಮಗುಚಿ ಬೀಳುತ್ತದೆ.

ಎರಡಕ್ಕೂ ಕಾರಣ ಒಂದೇ. ನೀರು ಮತ್ತು ಸಾರಜನಕ ಧಾರಾಳವಾಗಿ ಸಿಗುವಷ್ಟು ದಿನ ಬಳ್ಳಿ ಉದ್ದ ಬೆಳೆಯುತ್ತಲೇ ಇರುತ್ತದೆ, ಹೂ ಬಿಡುವ ತುರ್ತು ಅದಕ್ಕಿಲ್ಲ. ಆದ್ದರಿಂದ ಕರಾವಳಿಯಲ್ಲಿ ಬಳ್ಳಿ ಸಾಕುವುದೆಂದರೆ ಹೆಚ್ಚಿನಂಶ ಅದನ್ನು ತಡೆದು ಹಿಡಿಯುವ ಕೆಲಸ. ಭಾರ ಹೊರುವ ಚಪ್ಪರ, ಸರಿಯಾದ ತಿಂಗಳಲ್ಲಿ ಕತ್ತರಿ, ಮಳೆ ನಿಂತ ಮೇಲೆ ಕೆಲವು ವಾರ ಒಣಗಲು ಬಿಡುವ ಧೈರ್ಯ. ಗೊಬ್ಬರದ ಮಾತು ಇವು ಮೂರರ ನಂತರ ಬರುತ್ತದೆ.

ಗಿಡ ಕೊಳ್ಳುವಾಗ ಹೂವಿನ ಬಣ್ಣಕ್ಕಿಂತ ಮೊದಲು ಅದು ಹೇಗೆ ಹತ್ತುತ್ತದೆ ಎಂದು ಕೇಳಿಕೊಳ್ಳಬೇಕು. ಶಂಖಪುಷ್ಪ, ಥನ್‌ಬರ್ಜಿಯಾಗಳು ಕಾಂಡವನ್ನೇ ಸುತ್ತಿಕೊಂಡು ಏರುತ್ತವೆ. ಅವುಗಳಿಗೆ ಬೆರಳು ಗಾತ್ರದ ಕಂಬಿ, ತಂತಿ, ಹಗ್ಗ ಬೇಕು, ನಾಲ್ಕಿಂಚಿನ ಪೈಪನ್ನು ಸುತ್ತಲಾರದೆ ಜಾರುತ್ತವೆ. ಬೆಳ್ಳುಳ್ಳಿ ಬಳ್ಳಿ, ಪ್ಯಾಷನ್ ಫ್ರೂಟ್ ಸುರುಳಿ ಎಳೆಗಳಿಂದ ಹಿಡಿದುಕೊಳ್ಳುವ ಜಾತಿ; ಇವಕ್ಕೆ ಜಾಲರಿ ಒಳ್ಳೆಯದು. ಬೋಗನ್‌ವಿಲ್ಲಾ, ಅಲಮಾಂಡಗಳಿಗೆ ಸುತ್ತಿ ಹಿಡಿದುಕೊಳ್ಳುವ ಅಂಗವಿಲ್ಲ. ಉದ್ದ ಕೊಂಬೆ ಚಾಚಿ ಪಕ್ಕದ್ದರ ಮೇಲೆ ಒರಗುತ್ತವೆ ಅಷ್ಟೆ. ಅವನ್ನು ನಾವೇ ಕಟ್ಟಬೇಕು, ಎರಡಡಿಗೊಂದು ಕಡೆ, ತೆಂಗಿನ ನಾರಿನ ಹಗ್ಗದಲ್ಲಿ ಎಂಟರ ಆಕಾರದ ಗಂಟು ಹಾಕಿ. ಪ್ಲಾಸ್ಟಿಕ್ ದಾರ, ಕೇಬಲ್ ಟೈ ಬಳಸಿದರೆ ಕಾಂಡ ದಪ್ಪವಾದಾಗ ಅದು ಸಿಪ್ಪೆಯೊಳಗೆ ಹೂತುಹೋಗಿ ಮೇಲಿನ ಭಾಗ ಸೊರಗುತ್ತದೆ. ನಾರಿನ ಹಗ್ಗ ಒಂದು ಮಳೆಗಾಲಕ್ಕೆ ಕುಂಬಾಗಿ ತಾನೇ ಬಿಡುತ್ತದೆ, ಅದೇ ಅದರ ಗುಣ.

ಕರಾವಳಿಗೆ ಒಂದೇ ಬಳ್ಳಿ ಆರಿಸಿ ಎಂದರೆ ರಂಗೂನ್ ಮಲ್ಲಿಗೆ, ಅಂದರೆ ಮಧುಮಾಲತಿ ಎಂದೇ ಹೇಳಬೇಕು. ಬಿಸಿಲು, ಮಳೆ, ಮುರಕಲ್ಲಿನ (ಕೆಂಪುಕಲ್ಲು, ಲ್ಯಾಟರೈಟ್) ಮಣ್ಣು ಮೂರನ್ನೂ ತಾಳುತ್ತದೆ. ಸಂಜೆಗತ್ತಲಲ್ಲಿ ಅರಳುವಾಗ ಹೂ ಬಿಳಿ, ಉದ್ದ ಕೊಳವೆಯ ತುದಿಯಲ್ಲಿ ಐದು ಎಸಳು, ಕಂಪು ರಾತ್ರಿಗೇ ಹೆಚ್ಚು. ಆ ಹೊತ್ತಿಗೆ ಬರುವುದು ಉದ್ದ ನಾಲಗೆಯ ಪತಂಗಗಳು. ಮರುದಿನ ಅದೇ ಹೂ ಗುಲಾಬಿ, ಅದರ ಮರುದಿನ ಕೆಂಪು. ಹಗಲು ಜೇನ್ನೊಣ, ಸೂರಕ್ಕಿಗಳ ಸರದಿ. ಹೀಗೆ ಒಂದೇ ಗೊಂಚಲಲ್ಲಿ ಮೂರು ಬಣ್ಣ ಜೊತೆಯಾಗಿ ಕಾಣುತ್ತವೆ.

ಇದರ ಇನ್ನೊಂದು ವಿಷಯ ಹತ್ತಿರದಿಂದ ನೋಡಬೇಕಾದ್ದು. ಎಲೆ ಉದುರಿದಾಗ ತೊಟ್ಟು ಪೂರ್ತಿ ಉದುರುವುದಿಲ್ಲ. ಬುಡದ ತುಂಡು ಕಾಂಡದಲ್ಲೇ ಉಳಿದು, ಒಣಗಿ, ಗಟ್ಟಿಯಾಗಿ ಕೆಳಕ್ಕೆ ಬಾಗಿದ ಮುಳ್ಳಾಗುತ್ತದೆ. ಬಳ್ಳಿ ಇನ್ನೊಂದರ ಮೇಲೆ ಕೊಕ್ಕೆ ಹಾಕಿ ನಿಲ್ಲುವುದು ಈ ಮುಳ್ಳುಗಳಿಂದ. ಎಳೆ ಕಾಂಡ ನುಣುಪಾಗಿದೆ ಎಂದು ಬರಿಗೈಯಲ್ಲಿ ಹಳೆಯ ಕಾಂಡ ಎಳೆದರೆ ಅಂಗೈ ಸೀಳುತ್ತದೆ. ಕಟಾವಿಗೆ ದಪ್ಪ ಕೈಗವಸು ಬೇಕೇ ಬೇಕು. ಬೇರಿನಿಂದ ಮರಿಗಳು ಏಳುವುದು ಇದರ ದೊಡ್ಡ ದೋಷ. ಅಂಗಳದ ಇಂಟರ್‌ಲಾಕ್ ಕಲ್ಲಿನ ಸಂದಿಯಲ್ಲೂ ತಲೆ ಎತ್ತುತ್ತವೆ. ಮೇಲಿಂದ ಕತ್ತರಿಸಿದರೆ ಮತ್ತೆ ಬರುತ್ತವೆ, ಬೇರು ಸಮೇತ ಕಿತ್ತು ಬೇಕಾದವರಿಗೆ ಕೊಡಬಹುದು. ಹೊಸ ಗಿಡ ಮಾಡುವ ಸುಲಭದ ದಾರಿಯೂ ಅದೇ.

ಬೋಗನ್‌ವಿಲ್ಲಾದಲ್ಲಿ ನಾವು ಹೂ ಎನ್ನುವುದು ಬಣ್ಣದ ಮೂರು ಎಲೆ. ಒಂದೊಂದು ಎಲೆಯ ನಡುನರಕ್ಕೆ ಅಂಟಿಕೊಂಡಿರುವ ಸಣ್ಣ ಬಿಳಿ ಕೊಳವೆಯೇ ನಿಜವಾದ ಹೂ. ಈ ಬಣ್ಣದೆಲೆಗಳು ಹೊಸ ಕೊಂಬೆಗಳಲ್ಲಿ ಬರುತ್ತವೆ, ಅದೂ ಹಗಲು ಚಿಕ್ಕದಾಗಿ ಮಣ್ಣು ಒಣಗಿದಾಗ. ಹಾಗಾಗಿ ಇಲ್ಲಿ ಇದರ ಕಾಲ ನವೆಂಬರ್‌ನಿಂದ ಮೇ. ಮಳೆಗಾಲದಲ್ಲಿ ಹೂವಿಲ್ಲ, ಎಲೆ ಹಳದಿ ಆಗಿ ಉದುರಿದೆ ಎಂದು ಗೊಬ್ಬರ ಸುರಿಯುವುದು ತಪ್ಪು. ಬೇರಿಗೆ ನೀರು ಹೆಚ್ಚಾಗಿದೆ ಎಂದಷ್ಟೇ ಅದರ ಅರ್ಥ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಸಿಗದ ಜಾಗದಲ್ಲಿ ಇದನ್ನು ನೆಡಲೇಬೇಡಿ. ಸಮುದ್ರದ ಉಪ್ಪುಗಾಳಿಯನ್ನು ಇದು ಚೆನ್ನಾಗಿ ತಾಳುತ್ತದೆ, ಮಲ್ಪೆ, ಕಾಪು, ಸುರತ್ಕಲ್ ಕಡೆ ದಂಡೆಗೆ ಹತ್ತಿರದ ಮನೆಗಳಿಗೆ ಮೊದಲ ಆಯ್ಕೆ ಇದು. ನೆಡುವಾಗ ಒಂದು ಎಚ್ಚರ: ಇದರ ಎಳೆ ಬೇರು ಬಹಳ ಬೇಗ ಮುರಿಯುತ್ತದೆ. ಕವರನ್ನು ಬ್ಲೇಡಿನಿಂದ ಸೀಳಿ, ಮಣ್ಣಿನ ಗಡ್ಡೆ ಒಡೆಯದಂತೆ ಗುಂಡಿಗೆ ಇಳಿಸಬೇಕು. ಗಡ್ಡೆ ಒಡೆದರೆ ಗಿಡ ತಿಂಗಳುಗಟ್ಟಲೆ ಪೆಚ್ಚಾಗಿ ಕೂರುತ್ತದೆ.

ಬೆಳ್ಳುಳ್ಳಿ ಬಳ್ಳಿ ಇತ್ತೀಚೆಗೆ ಎಲ್ಲ ನರ್ಸರಿಗಳಲ್ಲೂ ಸಿಗುತ್ತದೆ. ಎಲೆ ಹಿಸುಕಿದರೆ ಬೆಳ್ಳುಳ್ಳಿ ವಾಸನೆ, ಹೂವಿಗೆ ಅದಿಲ್ಲ. ಮಳೆ ಹಿಂದೆ ಸರಿದ ಕೂಡಲೇ, ಅಕ್ಟೋಬರ್, ನವೆಂಬರ್‌ನಲ್ಲಿ ಒಮ್ಮೆಲೇ ಗಿಡ ಮುಚ್ಚುವಂತೆ ನೇರಳೆ ಹೂ, ದಿನ ಕಳೆದಂತೆ ತಿಳಿಯಾಗಿ ಬಿಳಿಗೆ ತಿರುಗುತ್ತದೆ. ಗೇಟಿನ ಕಮಾನಿಗೆ ಇದಕ್ಕಿಂತ ಶಿಸ್ತಿನ ಬಳ್ಳಿ ಇಲ್ಲ. ಅಲಮಾಂಡ ಮಳೆಯಲ್ಲೂ ಹಳದಿ ಹೂ ಬಿಡುತ್ತದೆ, ಆದರೆ ಅದರ ಹಾಲು ಚರ್ಮಕ್ಕೆ ತುರಿಕೆ, ಹೊಟ್ಟೆಗೆ ವಿಷ. ಮಕ್ಕಳು, ದನಕರು ಇರುವ ಕಡೆ ಕತ್ತರಿಸಿದ ಕೊಂಬೆ ಬಿಸಾಡಿ ಬಿಡಬಾರದು. ಹಳದಿ ಕೆಂಪು ಹೂಗಳ ಮಾಲೆ ಇಳಿಬಿಡುವ ಥನ್‌ಬರ್ಜಿಯಾ ಮೈಸೂರೆನ್ಸಿಸ್ ನಮ್ಮ ಪಶ್ಚಿಮ ಘಟ್ಟದ್ದೇ. ಘಟ್ಟದ ತಂಪಿನ ಗಿಡವಾದ್ದರಿಂದ ಏಪ್ರಿಲ್, ಮೇ ತಿಂಗಳ ಇಲ್ಲಿನ ಸೆಕೆಗೆ ಬಾಡುತ್ತದೆ. ಮಧ್ಯಾಹ್ನದ ನೆರಳು, ಬುಡಕ್ಕೆ ದಪ್ಪ ತರಗೆಲೆ, ಬೇಸಿಗೆಯಲ್ಲಿ ತಪ್ಪದೆ ನೀರು ಕೊಟ್ಟರೆ ಸೂರಕ್ಕಿಗಳನ್ನು ಮನೆ ಬಾಗಿಲಿಗೇ ಕರೆತರುತ್ತದೆ. ಫಿಲಿಪ್ಪೀನ್ಸ್‌ನ ಜೇಡ್ ಬಳ್ಳಿಗೆ ಇಲ್ಲಿನ ತೇವದ ಗಾಳಿ ಹಿತ, ಆದರೆ ಹೂವಿಗೆ ಕೆಲವು ವರ್ಷ ಕಾಯುವ ತಾಳ್ಮೆಯೂ ಕೆಳಗೆ ತಲೆತಗ್ಗಿಸದೆ ನಡೆಯುವಷ್ಟು ಎತ್ತರದ ಗಟ್ಟಿ ಚಪ್ಪರವೂ ಬೇಕು.

ನೀಲಿ ಹೂವಿನ ದೊಡ್ಡ ಥನ್‌ಬರ್ಜಿಯಾ ನೋಡಲು ಚೆಂದ, ಆದರೆ ಅರ್ಧ ಎಕರೆಗಿಂತ ಕಡಿಮೆ ಜಾಗದವರಿಗೆ ನಾವು ಅದನ್ನು ಹೇಳುವುದಿಲ್ಲ. ಬುಡದಲ್ಲಿ ಗಡ್ಡೆ ಕಟ್ಟುತ್ತದೆ, ತುಂಡು ಉಳಿದರೂ ಚಿಗುರುತ್ತದೆ, ಮಾವು, ಹಲಸಿನ ತಲೆ ಏರಿ ಬಿಸಿಲು ತಪ್ಪಿಸುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅದು ಕಾಡು ನುಂಗುವ ಕಳೆಯಾಗಿದೆ. ಗುಲಾಬಿ ಬಣ್ಣದ ಆಂಟಿಗೋನಾನ್ ಕೂಡ ಇದೇ ಜಾಯಮಾನ. ಇನ್ನು ಬೇಲಿಯಲ್ಲಿ ತಾನಾಗಿ ಹಬ್ಬುವ, ಬಿಳಿ ಪುಡಿಹೂವಿನ ಮೈಕೇನಿಯಾ ಕಂಡರೆ ಹೂ ಬಿಡುವ ಮೊದಲೇ ಕಿತ್ತುಹಾಕಿ. ಗಾಳಿಯಲ್ಲಿ ಬೀಜ ಹಾರಿ ಇಡೀ ವಠಾರಕ್ಕೆ ಹರಡುತ್ತದೆ.

ಈಗ ಚಪ್ಪರ. ಬೇಸಿಗೆಯಲ್ಲಿ ಕಟ್ಟುವಾಗ ಬರೀ ಬಳ್ಳಿಯ ಭಾರ ಅಂದಾಜು ಮಾಡಿ ಕಟ್ಟುತ್ತಾರೆ. ಜುಲೈಯಲ್ಲಿ ಅದೇ ಬಳ್ಳಿ ನೀರು ಹೀರಿ ಭಾರವಾಗಿರುತ್ತದೆ, ಜೊತೆಗೆ ಪಡುವಣ ಗಾಳಿಗೆ ಇಡೀ ಎಲೆರಾಶಿ ಹಾಯಿಯಂತೆ ಉಬ್ಬುತ್ತದೆ. ಅಡಿಕೆ ಮರದ ಕಂಬ ಎರಡು ಮೂರು ಮಳೆಗಾಲಕ್ಕೆ ನೆಲಮಟ್ಟದಲ್ಲಿ ಕುಂಬಾಗುತ್ತದೆ. ಶಂಖಪುಷ್ಪಕ್ಕೆ ಸಾಕು, ರಂಗೂನ್ ಮಲ್ಲಿಗೆಗೆ ಸಾಲದು. ಹತ್ತಡಿ ಉದ್ದ, ಎಂಟಡಿ ಅಗಲದ ಚಪ್ಪರಕ್ಕೆ ಎರಡಿಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ನಾಲ್ಕು ಕಂಬ, ಮೇಲಿನ ಚೌಕಟ್ಟಿಗೆ ಒಂದೂವರೆ ಇಂಚಿನ ಪೈಪು, ಅಡಿಗೊಂದರಂತೆ 10 ಗೇಜಿನ ತಂತಿ. ಕಂಬ ಎರಡಡಿ ಆಳದ ಗುಂಡಿಯಲ್ಲಿ ಕಾಂಕ್ರೀಟಿನೊಳಗೆ ನಿಲ್ಲಬೇಕು. ಕಾಂಕ್ರೀಟನ್ನು ನೆಲಮಟ್ಟಕ್ಕೇ ನಿಲ್ಲಿಸದೆ ಎರಡು ಮೂರು ಇಂಚು ಮೇಲಕ್ಕೆ ತಂದು ಹೊರಕ್ಕೆ ಇಳಿಜಾರು ಕೊಡಿ. ಪೈಪಿನ ಬುಡದಲ್ಲಿ ನೀರು, ಕೆಂಪುಮಣ್ಣು ನಿಂತರೆ ಮೊದಲು ತುಕ್ಕು ತಿನ್ನುವುದು ಅಲ್ಲೇ. ಎರಡನೆಯ ಜಾಗ ವೆಲ್ಡಿಂಗ್ ಮಾಡಿದ ಕಡೆ: ಬೆಂಕಿಗೆ ಸತುವಿನ ಲೇಪ ಸುಟ್ಟುಹೋಗಿ ಬರೀ ಕಬ್ಬಿಣ ಉಳಿದಿರುತ್ತದೆ. ವೆಲ್ಡರ್ ಕೆಲಸ ಮುಗಿಸಿದ ದಿನವೇ ಆ ಭಾಗ ಉಜ್ಜಿ, ಸತುವಿರುವ ಪ್ರೈಮರ್ ಎರಡು ಕೋಟು ಹಚ್ಚಿಸಿ. ಪೈಪಿನ ಮೇಲ್ಬಾಯಿಗೆ ಮುಚ್ಚಳ ಹಾಕಿಸುವುದನ್ನು ಮರೆಯಬಾರದು, ಇಲ್ಲವಾದರೆ ಮಳೆನೀರು ಒಳಗೇ ತುಂಬಿ ಒಳಗಿನಿಂದ ತಿನ್ನುತ್ತದೆ. ದಂಡೆಗೆ ಹತ್ತಿರದವರು ತಂತಿಗೆ ಮಾತ್ರವಾದರೂ ಸ್ಟೀಲ್ ಬಳಸುವುದು ಲಾಭ.

ಗೋಡೆಗೆ ಹಬ್ಬಿಸುವುದಾದರೆ ಗೋಡೆಯಿಂದ ನಾಲ್ಕೈದು ಇಂಚು ಹೊರಗೆ ತಂತಿ ಬಿಗಿದು, ಗಿಡವನ್ನು ಗೋಡೆಯಿಂದ ಒಂದೂವರೆ, ಎರಡಡಿ ದೂರ ನೆಡಿ. ಮಾಡಿನ ನೀರು ಧಾರೆ ಬೀಳುವ ಸಾಲಿನಲ್ಲಿ ನೆಟ್ಟರೆ ಬುಡದ ಮಣ್ಣು ಕೊಚ್ಚಿಹೋಗುತ್ತದೆ. ಹಂಚಿನ ಮಾಡಿನಿಂದ ಎರಡಡಿ ಕೆಳಗೇ ಬಳ್ಳಿಯ ಎಲ್ಲೆ ಮುಗಿಯಬೇಕು. ಎಳೆ ಚಿಗುರು ಹಂಚಿನ ಸಂದಿಗೆ ನುಗ್ಗಿ ದಪ್ಪವಾದಾಗ ಹಂಚು ಎದ್ದು ಸೋರುತ್ತದೆ. ಕರೆಂಟಿನ ಸರ್ವಿಸ್ ವೈರ್ ಹಾದುಹೋಗುವ ಮೂಲೆಯಲ್ಲಿ ಯಾವ ಬಳ್ಳಿಯೂ ಬೇಡ.

ಮಣ್ಣಿನ ಕೆಲಸದಲ್ಲಿ ನಮ್ಮ ಮುರಕಲ್ಲಿನ ಗುಣ ತಿಳಿದಿರಬೇಕು. ಮಣಿಪಾಲದಂಥ ಗುಡ್ಡದ ಮೇಲಿನ ಗಟ್ಟಿ ನೆಲದಲ್ಲಿ ಪಿಕ್ಕಾಸಿನಿಂದ ಎರಡಡಿ ಚೌಕದ, ಎರಡಡಿ ಆಳದ ಗುಂಡಿ ತೆಗೆದರೆ ಅದು ಮಳೆಗಾಲದಲ್ಲಿ ತೊಟ್ಟಿಯಾಗುತ್ತದೆ. ಗುಂಡಿ ತೆಗೆದ ದಿನ ಎರಡು ಕೊಡ ನೀರು ಹೊಯ್ದು ನೋಡಿ. ಮರುದಿನವೂ ನೀರು ನಿಂತಿದ್ದರೆ ತಳ ಒಡೆಯಬೇಕು, ಅಥವಾ ತಗ್ಗಿನ ಕಡೆಗೆ ಒಂದು ಸಣ್ಣ ಕಣಿ ಕಡಿದು ನೀರಿಗೆ ದಾರಿ ಮಾಡಬೇಕು. ಎರಡೂ ಆಗದಿದ್ದರೆ ಗುಂಡಿ ಮರೆತು, ನೆಲದ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಕೆಂಪುಕಲ್ಲು ಕಟ್ಟಿ ಮಣ್ಣು ತುಂಬಿ ನೆಡುವುದೇ ಮೇಲು.

ಮಣ್ಣು ಹುಳಿ, ಅಂದರೆ ಆಮ್ಲೀಯ. ಗುಂಡಿ ಮಣ್ಣಿಗೆ 200 ಗ್ರಾಂ ಚಿಪ್ಪಿನ ಸುಣ್ಣ ಬೆರೆಸಿ ಮೂರು ವಾರ ಬಿಡಿ. ಸುಣ್ಣ ಮತ್ತು ಹಟ್ಟಿಗೊಬ್ಬರವನ್ನು ಒಂದೇ ದಿನ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ, ಅದಕ್ಕೇ ಈ ಅಂತರ. ಆಮೇಲೆ ಮೇಲ್ಮಣ್ಣು ಎರಡು ಪಾಲು, ಹಳೆಯ ಹಟ್ಟಿಗೊಬ್ಬರ ಒಂದು ಪಾಲು, ಸುಡುಮಣ್ಣು (ತರಗೆಲೆ, ಕಸದ ಜೊತೆ ಸುಟ್ಟ ಮಣ್ಣು) ಅಥವಾ ಮರಳು ಒಂದು ಪಾಲು, ಕಾಲು ಕಿಲೋ ಬೇವಿನ ಹಿಂಡಿ, 200 ಗ್ರಾಂ ಮೂಳೆಪುಡಿ. ಮೂಳೆಪುಡಿಗೆ ಕಾರಣವಿದೆ: ಮುರಕಲ್ಲಿನ ಕಬ್ಬಿಣ, ಅಲ್ಯೂಮಿನಿಯಂ ಅಂಶ ರಂಜಕವನ್ನು ಹಿಡಿದಿಟ್ಟುಕೊಂಡು ಗಿಡಕ್ಕೆ ಸಿಗದಂತೆ ಮಾಡುತ್ತದೆ. ಹುಳಿ ಮಣ್ಣಿನಲ್ಲಿ ಮೂಳೆಪುಡಿ ನಿಧಾನವಾಗಿ ಕರಗುತ್ತ ಹೋಗುವುದರಿಂದ ಬೇರಿಗೆ ಸ್ವಲ್ಪ ಸ್ವಲ್ಪವಾಗಿ ಸಿಕ್ಕುತ್ತಿರುತ್ತದೆ. ನೀರು ಬಸಿಯುವ ಜಾಗವಾದರೆ ಜೂನ್‌ನ ಮೊದಲ ಮಳೆಗೆ ನೆಡಬಹುದು. ಸಂಶಯವಿದ್ದರೆ ಸೆಪ್ಟೆಂಬರ್‌ಗೆ ಕಾಯಿರಿ. ಆಟಿಯ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು) ಮಳೆ ಎಳೆ ಗಿಡವನ್ನು ಉಳಿಸುವುದಕ್ಕಿಂತ ಕೊಳೆಸುವುದೇ ಹೆಚ್ಚು.

ಕತ್ತರಿಯ ವಿಷಯಕ್ಕೆ ಬಂದರೆ ಬಹಳ ಜನ ಕೈ ತಡೆಯುತ್ತಾರೆ, ಬೆಳೆದದ್ದನ್ನು ಕಡಿಯಲು ಮನಸ್ಸು ಬಾರದು. ಉಡುಪಿ ಮಲ್ಲಿಗೆ ಬೆಳೆಯುವ ಶಂಕರಪುರದವರನ್ನು ನೋಡಿ ಕಲಿಯಬೇಕಾದದ್ದು ಇದನ್ನೇ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕದಲ್ಲಿ ಮಾರುವ ಆ ಹೂವಿನ ಮೊಗ್ಗುಗಳೆಲ್ಲ ಹೊಸ ಚಿಗುರಿನ ತುದಿಯವು. ಹೊಸ ಚಿಗುರು ಬರಬೇಕಾದರೆ ಹಳೆಯದನ್ನು ಸವರಲೇಬೇಕು. ಬೋಗನ್‌ವಿಲ್ಲಾ, ರಂಗೂನ್ ಮಲ್ಲಿಗೆ, ಅಲಮಾಂಡ ಇವೂ ಹೊಸ ಚಿಗುರಿನಲ್ಲೇ ಹೂ ಬಿಡುವ ಗುಂಪು. ಇವುಗಳ ದೊಡ್ಡ ಕಟಾವು ಮಳೆ ಇಳಿದ ಮೇಲೆ, ನವರಾತ್ರಿಯ ಆಸುಪಾಸಿನಲ್ಲಿ. ಮೂರರಿಂದ ಐದು ಮುಖ್ಯ ಕಾಂಡ ಉಳಿಸಿ, ಪಕ್ಕದ ಕೊಂಬೆಗಳನ್ನು ಎರಡು ಮೂರು ಗೆಣ್ಣಿಗೆ ಕತ್ತರಿಸಿ. ಒಣಗಿದ್ದು, ಒಳಕ್ಕೆ ಬೆಳೆದದ್ದು, ಬುಡದಿಂದ ಎದ್ದ ದಪ್ಪ ನೀರುಚಿಗುರು ಎಲ್ಲ ಹೋಗಲಿ. ಇದಲ್ಲದೆ ಪತ್ತನಾಜೆಯ (ಮೇ ಕೊನೆಯ ವಾರದ ತುಳುನಾಡಿನ ಆಚರಣೆ) ಹೊತ್ತಿಗೆ ಒಂದು ಹಗುರ ಕಟಾವು ಬೇಕು. ಅದು ಹೂವಿಗಾಗಿ ಅಲ್ಲ, ಜೂನ್‌ನ ಗಾಳಿಗೆ ಚಪ್ಪರ ಉಳಿಯಲಿ ಎಂದು ಭಾರ ಇಳಿಸುವುದಕ್ಕೆ.

ಇದೇ ಅಕ್ಟೋಬರ್ ಕತ್ತರಿಯನ್ನು ಜೇಡ್ ಬಳ್ಳಿಗೆ, ನೀಲಿ ಪೆಟ್ರಿಯಾಕ್ಕೆ ತಾಗಿಸಿದರೆ ಆ ವರ್ಷದ ಹೂವೆಲ್ಲ ಕಸದ ರಾಶಿಗೆ ಹೋದಂತೆ. ಅವು ಹೂ ಬಿಡುವುದು ಬಲಿತ ಕೊಂಬೆಯಲ್ಲಿ, ಬೇಸಿಗೆ ಶುರುವಿನ ತಿಂಗಳುಗಳಲ್ಲಿ. ಅವನ್ನು ಹೂ ಮುಗಿದ ಮೇಲೆ, ಏಪ್ರಿಲ್, ಮೇಯಲ್ಲಿ ಸವರಿ. ಬೆಳ್ಳುಳ್ಳಿ ಬಳ್ಳಿಗೂ ಹಾಗೆಯೇ, ಹೂ ಉದುರಿದ ನಂತರವೇ ಕತ್ತರಿ.

ಕತ್ತರಿಸದೆಯೂ ಹೂ ಹೆಚ್ಚಿಸುವ ಒಂದು ಉಪಾಯವಿದೆ. ನೆಟ್ಟಗೆ ಏರುವ ಕಾಂಡದ ತುದಿ ತನ್ನ ಕೆಳಗಿನ ಮೊಗ್ಗುಗಳನ್ನು ಏಳಲು ಬಿಡುವುದಿಲ್ಲ. ಅದೇ ಕಾಂಡವನ್ನು ಅಡ್ಡಕ್ಕೆ ಬಾಗಿಸಿ ತಂತಿಗೆ ಕಟ್ಟಿದರೆ ಗೆಣ್ಣುಗೆಣ್ಣಿನಿಂದಲೂ ಚಿಗುರು ಮೇಲೇಳುತ್ತದೆ, ಒಂದೊಂದು ಚಿಗುರೂ ಹೂ ಬಿಡಬಲ್ಲದು. ಗಿಡ ಮೂರಡಿ ಆದಾಗಲೇ ಈ ಕೆಲಸ ಶುರುಮಾಡಬೇಕು. ಬಲಿತ ಮೇಲೆ ಬಾಗಿಸಿದರೆ ಕಾಂಡ ಸೀಳುತ್ತದೆ.

ಕಟಾವಿನ ನಂತರ ಮಳೆ ಪೂರ್ತಿ ನಿಂತಾಗ ಬೋಗನ್‌ವಿಲ್ಲಾಕ್ಕೆ ಎರಡು ಮೂರು ವಾರ ನೀರು ನಿಲ್ಲಿಸಿ. ಕುಂಡದಲ್ಲಿದ್ದರೆ ಎಲೆ ಸ್ವಲ್ಪ ಜೋತಾಗ ಒಮ್ಮೆ ಪೂರ್ತಿ ನೀರು, ಮತ್ತೆ ಜೋಲುವವರೆಗೆ ಇಲ್ಲ. ಮೊಗ್ಗು ಕಂಡ ಮೇಲೆ ವಾರಕ್ಕೆರಡು ಸಲ ಕೊಡಬಹುದು. ರಂಗೂನ್ ಮಲ್ಲಿಗೆಗೆ ಇಷ್ಟು ಕಠಿಣ ಬೇಡ, ದಿನವೂ ನೀರು ಹಾಕದಿದ್ದರೆ ಸಾಕು. ಬಚ್ಚಲಿನ ನೀರು ಹರಿಯುವ ಕಡೆ ಅಥವಾ ಸೋಕ್ ಪಿಟ್ ಪಕ್ಕ ನೆಟ್ಟ ಬಳ್ಳಿಗಳು ಕಡು ಹಸುರಾಗಿ ಬೆಳೆದು ಹೂ ಬಿಡದಿರುವುದಕ್ಕೆ ಕಾರಣ ಬೇರೇನಿಲ್ಲ, ಅವುಗಳಿಗೆ ಬರಗಾಲವೇ ಗೊತ್ತಿಲ್ಲ. ಅಂಥ ಗಿಡಕ್ಕೆ ಮಾಡಬೇಕಾದ ಮೊದಲ ಚಿಕಿತ್ಸೆ ನೀರಿನ ದಾರಿ ತಿರುಗಿಸುವುದು.

ಗೊಬ್ಬರ ಅಕ್ಟೋಬರ್, ಜನವರಿ ಎರಡು ಸಲ ಸಾಕು: ಗಿಡಕ್ಕೆ ಐದು ಕಿಲೋ ಹಟ್ಟಿಗೊಬ್ಬರ, ಜೊತೆಗೆ 50 ಗ್ರಾಂ ಪೊಟ್ಯಾಷ್. ಒಲೆಬೂದಿ ಸಿಗುವವರು ಪೊಟ್ಯಾಷ್ ಬದಲಿಗೆ ಎರಡು ಮುಷ್ಟಿ ಬೂದಿ ಹಾಕಬಹುದು. ಜೂನ್, ಜುಲೈಯಲ್ಲಿ ಹಾಕಿದ ಪೊಟ್ಯಾಷ್ ಮಳೆನೀರಿನ ಜೊತೆ ಇಳಿದುಹೋಗುತ್ತದೆ, ಹಣ ದಂಡ. ಯೂರಿಯಾ ಹೂಬಳ್ಳಿಗೆ ಬೇಡವೇ ಬೇಡ.

ಮಳೆಗಾಲದ ರೋಗಗಳಲ್ಲಿ ಎಲೆಚುಕ್ಕೆ, ಕಾಂಡಕೊಳೆ ಮುಖ್ಯ. ಅಡಿಕೆ ತೋಟದ ಬೋರ್ಡೋ ದ್ರಾವಣವೇ ಇಲ್ಲೂ ಮದ್ದು. ಹತ್ತು ಲೀಟರಿಗೆ 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಾಲ್ದಿಗಳಲ್ಲಿ ಐದೈದು ಲೀಟರ್ ನೀರಿಗೆ ಕದಡಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕಲಸಬೇಕು. ಹೊಳಪಿನ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ. ಅಂದು ಮಾಡಿದ್ದನ್ನು ಅಂದೇ ಮುಗಿಸಬೇಕು. ಮಳೆ ಹಿಡಿಯುವ ಮೊದಲೊಮ್ಮೆ, ಆಟಿಯಲ್ಲಿ ಬಿಸಿಲು ಕಂಡಾಗ ಇನ್ನೊಮ್ಮೆ.

ಬೇಸಿಗೆಯಲ್ಲಿ ಚಿಗುರಿನ ಸಂದಿಗೆ ಹಿಟ್ಟು ತಿಗಣೆ ಬಂದಿದೆ ಎಂದರೆ ಅದರ ಸುತ್ತ ಇರುವೆ ಸಾಲು ಇದ್ದೇ ಇರುತ್ತದೆ. ತಿಗಣೆ ಬಿಡುವ ಸಿಹಿಗಾಗಿ ಇರುವೆ ಅದನ್ನು ಕಾಯುತ್ತದೆ, ಹೊಸ ಕೊಂಬೆಗೂ ಸಾಗಿಸುತ್ತದೆ. ಇರುವೆಯ ದಾರಿ ತಪ್ಪಿಸದೆ ಬರೀ ತಿಗಣೆಗೆ ಹೊಡೆದರೆ ಮತ್ತೆ ಬರುತ್ತದೆ. ಚಪ್ಪರದ ಕಂಬಕ್ಕೆ ಗ್ರೀಸ್ ಪಟ್ಟಿ ಹಚ್ಚಿ, ಬಾಧೆ ಬಿದ್ದ ತುದಿ ಕತ್ತರಿಸಿ ಸುಟ್ಟು, ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಿನಲ್ಲಿ ಕದಡಿ ಸಂಜೆ ಹೊತ್ತು ಹೊಡೆಯಿರಿ. ಮಳೆಗಾಲದ ರಾತ್ರಿ ಎಳೆ ಗಿಡ ಬೋಳಾಗುತ್ತಿದ್ದರೆ ಆಫ್ರಿಕನ್ ಬಸವನಹುಳು. ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಬೆಳಗ್ಗೆ ಅಲ್ಲೇ ಗುಂಪಾಗಿ ಸಿಗುತ್ತವೆ. ಕೈಗವಸು ಹಾಕಿ ಹೆಕ್ಕಿ ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ.

ಬಳ್ಳಿ ಇದ್ದರೆ ಹಾವು ಬರುತ್ತದೆ ಎಂಬ ಹೆದರಿಕೆ ಅನೇಕರಿಗಿದೆ. ಹೂವಿನ ಪರಿಮಳಕ್ಕೆ ಹಾವು ಬರುವುದಿಲ್ಲ. ಬುಡದಲ್ಲಿ ದಟ್ಟವಾಗಿ ಬಿದ್ದ ಒಣಎಲೆ, ಕಲ್ಲಿನ ರಾಶಿ ಇಲಿ, ಕಪ್ಪೆಗಳಿಗೆ ಮನೆಯಾಗುತ್ತದೆ, ಅವುಗಳ ಹಿಂದೆ ಹಾವು ಬರುತ್ತದೆ. ನೆಲದಿಂದ ಎರಡಡಿವರೆಗೆ ಎಲ್ಲ ಕೊಂಬೆ, ಎಲೆ ತೆಗೆದು ಕಾಂಡ ಬರಿದಾಗಿರಲಿ. ಮುಚ್ಚಿಗೆಯ ತರಗೆಲೆ ಮೂರಿಂಚಿಗಿಂತ ದಪ್ಪ ಬೇಡ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹರಡಿ. ಮನೆಗೆ ತೀರಾ ಹತ್ತಿರದ ಚಪ್ಪರವಾದರೆ ಮೈಸೂರೆನ್ಸಿಸ್‌ನಂಥ ತಂಪು ಬೇಡುವ ಬಳ್ಳಿಗೂ ಇದಕ್ಕಿಂತ ಹೆಚ್ಚು ಮುಚ್ಚಿಗೆ ಹಾಕದೆ, ಬೇಸಿಗೆಯಲ್ಲಿ ಬೆಳಗ್ಗೆ ಸಂಜೆ ಎರಡು ಹೊತ್ತು ಸ್ವಲ್ಪ ಸ್ವಲ್ಪ ನೀರು ಕೊಡುವುದು ಸರಿ.